‘ಹೋಮ್ಲಿ’ ಅಂದ್ರೆ ಬೈಗುಳನಾ? ಅಮ್ಮ ಆಡಿದ ಒಂದು ಮಾತು, ಪಕ್ಕದ ಮನೆಯವರ ಮುಖ ಬಾಡಿದ್ದು

ತಿಪಟೂರು_ತೆಂಗು

ಎಲ್ಲರಿಗೂ ನಮಸ್ಕಾರ. ನಾನಿರೋದು ಅಮೆರಿಕದ ಓಹಾಯೋದಲ್ಲಿ, ಬಂದು ಆರು ವರ್ಷ ಆಯ್ತು. ಹೋದ ತಿಂಗಳು ಅಮ್ಮ ತಿಪಟೂರಿನಿಂದ ಬಂದಿದ್ದಾರೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ, ಒಬ್ಬರೇ. ಅಮ್ಮ ಬಂದಿದ್ದು ಗೊತ್ತಾಗಿ ಅವರು ಸೇಬಿನ ಪೈ ಮಾಡಿ, ಗಾಜಿನ ತಟ್ಟೆಗೆ ಬಟ್ಟೆ ಸುತ್ತಿ, ಬಿಸಿ ಆರೋ ಮುಂಚೆ ತಂದುಕೊಟ್ಟರು. ಪರದೇಶದಲ್ಲಿ ಯಾರೋ ಹೀಗೆ ಬಾಗಿಲಿಗೆ ಬಂದು ತಿಂಡಿ ಕೊಟ್ಟಿದ್ದು ಕಂಡು ಅಮ್ಮನಿಗೆ ಕಣ್ಣಲ್ಲಿ ನೀರೇ ಬಂತು. ಅವರ ಎರಡೂ ಕೈ ಹಿಡ್ಕೊಂಡು ‘ಯು ಆರ್ ವೆರಿ ಹೋಮ್ಲಿ’ ಅಂದರು.

ಅಜ್ಜಿ ಮೆಲ್ಲಗೆ ಕೈ ಬಿಡಿಸ್ಕೊಂಡರು. ಹಣೆ ಮೇಲಿನ ಕೂದಲು ಹಿಂದಕ್ಕೆ ಸರಿಸ್ಕೊಂಡರು. ನಗು ಇತ್ತು, ಆದ್ರೆ ಬರುವಾಗ ಇದ್ದ ನಗು ಅಲ್ಲ. ಎರಡು ನಿಮಿಷದಲ್ಲಿ ಹೊರಟೇಬಿಟ್ಟರು. ರಾತ್ರಿ ನಮ್ಮ ಮನೆಯವರು ಹೇಳಿದ ಮೇಲೆ ನನಗೆ ತಿಳೀತು, ಈ ದೇಶದಲ್ಲಿ ಹೋಮ್ಲಿ ಅಂದ್ರೆ ನೋಡೋಕೆ ಚೆನ್ನಾಗಿಲ್ಲ ಅಂತ.

ಅಮ್ಮ ಪ್ರೈಮರಿ ಶಾಲೇಲಿ ಮೂವತ್ತು ವರ್ಷ ಪಾಠ ಮಾಡಿದವರು. ‘ಹೋಮ್ ಅಂದ್ರೆ ಮನೆ, ಹೋಮ್ಲಿ ಅಂದ್ರೆ ಮನೆಯವರ ಹಾಗೆ. ನಾನು ತಪ್ಪು ಹೇಳಿಲ್ಲ’ ಅಂತ ಒಂದೇ ಪಟ್ಟು. ಆದ್ರೆ ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. ಆ ಗಾಜಿನ ತಟ್ಟೆ ತೊಳೆದು ಅಡುಗೆಮನೆ ಕಟ್ಟೆ ಮೇಲೆ ಇಟ್ಟಿದ್ದೀವಿ, ವಾಪಸ್ ಕೊಡೋಕೆ ಹೋಗೋ ಧೈರ್ಯ ಇಬ್ಬರಿಗೂ ಬರ್ತಿಲ್ಲ. ಈ ಪದದ ನಿಜವಾದ ಅರ್ಥ ಏನು? ಮನೆ ಅನ್ನೋ ಪದದಿಂದ ‘ಚೆನ್ನಾಗಿಲ್ಲ’ ಅನ್ನೋ ಅರ್ಥ ಹುಟ್ಟಿದ್ದಾದ್ರೂ ಹೇಗೆ? ಗೊತ್ತಿರೋರು ದಯವಿಟ್ಟು ಹೇಳಿ.

ಬೆಂದಕಾಳೂರಿಗ

ಅಮೆರಿಕದಲ್ಲಿ ಹೋಮ್ಲಿ ಅಂದ್ರೆ ಕುರೂಪಿ. ಅಷ್ಟೇ. ಹೋಗಿ ಸಾರಿ ಕೇಳಿ, ಎರಡು ದಿನ ಕಾದಿದ್ದೇ ಜಾಸ್ತಿ ಆಯ್ತು.

ಪದಬೆನ್ನತ್ತಿ

ಕುರೂಪಿ ಅನ್ನೋದು ಸರಿಯಲ್ಲ, ಆ ಪದಕ್ಕೆ ಅಷ್ಟು ಕ್ರೌರ್ಯ ಇಲ್ಲ. ಅಮೆರಿಕದ ನೋವಾ ವೆಬ್‌ಸ್ಟರ್ 1828ರಲ್ಲಿ ತಂದ ನಿಘಂಟಿನಲ್ಲೇ ಹೋಮ್ಲಿಗೆ ಮೊದಲ ಅರ್ಥ ‘ಸಾದಾ ಮುಖಲಕ್ಷಣದ, ಸುಂದರವಲ್ಲದ’ ಅಂತ ಕೊಟ್ಟು, ಪಕ್ಕದಲ್ಲೇ ಇದು ‘ಅಗ್ಲಿ’ಗಿಂತ ಕಡಿಮೆ ತೀವ್ರತೆಯದು ಅಂತ ಬೇರೆ ಹೇಳಿದ್ದಾನೆ. ಸಾದಾ ಮನೆ, ಸಾದಾ ಊಟ, ಸಾದಾ ಬಟ್ಟೆ ಅನ್ನೋ ಅರ್ಥ ಅಲ್ಲಿ ಎರಡನೇ ಸಾಲಿಗೆ ಹೋಗಿದೆ. ಅಂದ್ರೆ ಇನ್ನೂರು ವರ್ಷದ ಹಿಂದೆಯೇ ಅಮೆರಿಕದಲ್ಲಿ ಮುಖದ ಅರ್ಥ ಮುಂದಕ್ಕೆ ಬಂದಾಗಿತ್ತು.

ಅಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ ಅನ್ನೋದಕ್ಕೆ ನನ್ನ ಹತ್ರ ಬೇಕಾದಷ್ಟು ಸಾಕ್ಷಿ ಇದೆ. ಊಟ ಮುಗಿಸಿ ಬಂದು ಬರೀತೀನಿ.

ಕಡಲತಡಿ

ಅಯ್ಯೋ ಪಾಪ ಅಮ್ಮ. ಅವರಿಗೆ ಮೊದಲು ಊಟ ಮಾಡ್ಲಿಕ್ಕೆ ಹೇಳಿ ಮಾರಾಯ್ರೆ. ಪದದ ವಿಷಯ ಆಮೇಲೆ ನೋಡುವ.

ಲೀಡ್ಸ್_ಕನ್ನಡಿಗ

ನಾನಿರೋದು ಇಂಗ್ಲೆಂಡಿನಲ್ಲಿ. ಇಲ್ಲಿ ನಿಮ್ಮ ಅಮ್ಮ ಅದೇ ಮಾತು ಹೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ತಿರಲಿಲ್ಲ. ಹೋಮ್ಲಿ ಪಬ್ ಅಂದ್ರೆ ಬೆಚ್ಚಗಿನ, ಆಡಂಬರ ಇಲ್ಲದ ಪಬ್. ಹೋಮ್ಲಿ ಹೆಂಗಸು ಅಂದ್ರೆ ಸರಳವಾಗಿ, ಆತ್ಮೀಯವಾಗಿ ಇರೋರು. ಟೋಲ್ಕಿನ್ 1937ರಲ್ಲಿ ಬರೆದ ‘ದಿ ಹಾಬಿಟ್’ನಲ್ಲಿ ಬೆಟ್ಟಸಾಲಿನ ಈಚೆ ದಾರಿಹೋಕರು ತಂಗೋ ಮನೆಗೆ ‘ಲಾಸ್ಟ್ ಹೋಮ್ಲಿ ಹೌಸ್’ ಅಂತ ಹೆಸರಿದೆ. ಕಾಡು ಶುರುವಾಗೋ ಮುಂಚೆ ಮನೆ ಅನ್ನಿಸೋ ಕೊನೆಯ ಮನೆ. ಅಮೆರಿಕದ ಮಕ್ಕಳು ಅದನ್ನ ಓದುವಾಗ ಒಂದು ಕ್ಷಣ ತಡವರಿಸ್ತಾರೇನೋ.

ಆಕ್ಸ್‌ಫರ್ಡ್ ನಿಘಂಟು ತೆಗೆದು ನೋಡಿ. ‘ನೋಡೋಕೆ ಚೆನ್ನಾಗಿಲ್ಲದ’ ಅನ್ನೋ ಅರ್ಥದ ಮುಂದೆ ಉತ್ತರ ಅಮೆರಿಕದ ಬಳಕೆ ಅಂತ ಗುರುತು ಹಾಕಿರ್ತಾರೆ.

ಬೆಂದಕಾಳೂರಿಗ

> ಇಲ್ಲಿ ನಿಮ್ಮ ಅಮ್ಮ ಅದೇ ಮಾತು ಹೇಳಿದ್ರೆ

ಅವರು ಲೀಡ್ಸ್‌ನಲ್ಲಿಲ್ಲ ಸ್ವಾಮಿ, ಓಹಾಯೋದಲ್ಲಿದ್ದಾರೆ. ಯಾವ ಊರಲ್ಲಿ ನಿಂತು ಮಾತಾಡ್ತೀವೋ ಆ ಊರಿನ ಅರ್ಥಾನೇ ಲೆಕ್ಕ.

ಲೀಡ್ಸ್_ಕನ್ನಡಿಗ

ಒಪ್ಪಿದೆ. ಆದ್ರೆ ಅವರು ಕೇಳಿದ್ದು ನಿಜವಾದ ಅರ್ಥ ಏನು ಅಂತ. ಅದಕ್ಕೆ ಉತ್ತರ ಕೊಟ್ಟೆ.

ಪದಬೆನ್ನತ್ತಿ

ಬಂದೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಹಳೆ ಇಂಗ್ಲಿಷಿನಲ್ಲಿ ಮನೆಗೆ ‘ಹಾಮ್’ ಅಂತಿದ್ರು. ಮನೆಯೂ ಹೌದು, ಮನೆಗಳು ಸೇರಿದ ಊರೂ ಹೌದು. ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಹೆಸರುಗಳ ಕೊನೆಯಲ್ಲಿ ಇರೋದು ಅದೇ ಹಾಮ್. ಅದಕ್ಕೆ ‘ಲಿ’ ಸೇರಿಸಿ ಹದಿನಾಲ್ಕನೇ ಶತಮಾನದ ಹೊತ್ತಿಗೆ ‘ಹೋಮ್ಲಿ’ ಬಳಕೆಗೆ ಬಂತು. ಆಗ ಅದರ ಅರ್ಥ ನೇರವಾಗಿ ‘ಮನೆಗೆ ಸೇರಿದ’, ಅಲ್ಲಿಂದ ‘ಸಲುಗೆಯ, ಹತ್ತಿರದ’.

1380ರ ದಶಕದಲ್ಲಿ ಜಾನ್ ವಿಕ್ಲಿಫ್‌ನ ಕಡೆಯವರು ಬೈಬಲ್ಲನ್ನ ಇಂಗ್ಲಿಷಿಗೆ ತಂದರಲ್ಲ, ಅದರಲ್ಲಿ ‘ಮನುಷ್ಯನಿಗೆ ಅವನ ಮನೆಯವರೇ ಶತ್ರುಗಳು’ ಅನ್ನೋ ಜಾಗದಲ್ಲಿ ‘ಮನೆಯವರು’ ಅನ್ನೋಕೆ ಬಳಸಿರೋದು ಇದೇ ಹೋಮ್ಲಿ. ನೋಟ ಗೀಟ ಏನೂ ಇಲ್ಲ, ಒಂದೇ ಸೂರಿನ ಕೆಳಗೆ ಇರೋರು ಅಷ್ಟೇ.

ಇದಕ್ಕಿಂತ ಚೆಂದದ್ದು ನಾರ್ವಿಚ್‌ನ ಜೂಲಿಯನ್ ಬರೆದದ್ದು. ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ ಒಂದು ಚರ್ಚಿಗೆ ಅಂಟಿಕೊಂಡ ಕೋಣೆಯಲ್ಲಿ ಬಾಳಿದ ತಪಸ್ವಿನಿ. 1373ರಲ್ಲಿ ಸಾವಿನ ಅಂಚಿಗೆ ಹೋದಾಗ ತನಗೆ ಕಂಡ ದರ್ಶನಗಳನ್ನ ಆಕೆ ಬರೆದಿಟ್ಟರು. ಅದರಲ್ಲಿ ದೇವರ ಪ್ರೀತಿಗೆ ಆಕೆ ಕೊಟ್ಟ ವಿಶೇಷಣ ಯಾವುದು ಗೊತ್ತಾ? ಹೋಮ್ಲಿ. ದೇವರದ್ದು ‘ಹೋಮ್ಲಿ ಲವಿಂಗ್’. ನಮ್ಮನ್ನು ಬಟ್ಟೆಯ ಹಾಗೆ ಸುತ್ತಿಕೊಳ್ಳೋ ಪ್ರೀತಿ ಅಂತ ಅಲ್ಲೇ ವಿವರಿಸ್ತಾರೆ.

ತಿಪಟೂರಿನ ಅಮ್ಮನಿಗೆ ಇದನ್ನ ಓದಿ ಹೇಳಿ. ಬಟ್ಟೆಯಲ್ಲಿ ಸುತ್ತಿ ತಂದ ಬಿಸಿ ಪೈ ಕಂಡು ಅವರು ಆಡಿದ ಪದ, ಆರುನೂರು ವರ್ಷದ ಹಿಂದೆ ಅದೇ ಭಾವದಲ್ಲಿ ಬರೆದ ಪದ.

ತಿಪಟೂರು_ತೆಂಗು

ಓದಿ ಹೇಳಿದೆ. ‘ಇನ್ನೊಂದು ಸಲ ಓದು’ ಅಂದ್ರು. ಎರಡನೇ ಸಲ ಓದಿದ ಮೇಲೆ ಎದ್ದು ಹೋಗಿ ಅನ್ನ ಬಡಿಸ್ಕೊಂಡು ಬಂದ್ರು. ತುಂಬಾ ತುಂಬಾ ಥ್ಯಾಂಕ್ಸ್.

ಕಡಲತಡಿ

ಇದು ಖುಷಿಯ ಸುದ್ದಿ.

ಕೆಂಗೇರಿ_ಗಣಿತ

ಒಂದು ಸಣ್ಣ ತಿದ್ದುಪಡಿ. ‘ಲಿ’ ಸೇರಿದ್ರೆ ಅದು ಕ್ರಿಯಾವಿಶೇಷಣ ಅಲ್ವಾ? ಸ್ಲೋ–ಸ್ಲೋಲಿ, ಕ್ವಿಕ್–ಕ್ವಿಕ್ಲಿ. ಹಾಗಿದ್ರೆ ಹೋಮ್ಲಿ ವಿಶೇಷಣ ಹೇಗಾಗುತ್ತೆ?

ಹಳೇಮೈಸೂರು_ಮೇಷ್ಟ್ರು

ಪರೀಕ್ಷೆಯಲ್ಲಿ ಮಕ್ಕಳು ಎಡವುತ್ತಿದ್ದದ್ದು ಇಲ್ಲೇ. ಸ್ಲೋ, ಕ್ವಿಕ್ ಮೊದಲೇ ವಿಶೇಷಣಗಳು. ಅವಕ್ಕೆ ‘ಲಿ’ ಹತ್ತಿದರೆ ಕ್ರಿಯಾವಿಶೇಷಣ ಆಗ್ತದೆ. ನಾಮಪದಕ್ಕೆ ‘ಲಿ’ ಹತ್ತಿದರೆ ಸಾಮಾನ್ಯವಾಗಿ ವಿಶೇಷಣ ಆಗ್ತದೆ: ಫ್ರೆಂಡ್ಲಿ, ಮದರ್ಲಿ, ಕಾಸ್ಟ್ಲಿ, ಹೋಮ್ಲಿ. ಎರಡಕ್ಕೂ ಮೂಲ ಒಂದೇ, ಹಳೆ ಇಂಗ್ಲಿಷಿನ ‘ಲೀಚ್’. ಅದರ ಅರ್ಥ ಮೈ, ಆಕಾರ. ಇಂಗ್ಲಿಷಿನ ‘ಲೈಕ್’ ಕೂಡ ಅದೇ ಬೇರಿನದು. ಹಾಗಾಗಿ ಹೋಮ್ಲಿಯನ್ನು ಬಿಡಿಸಿದರೆ ‘ಮನೆಯ ಮೈ ಉಳ್ಳದ್ದು’ ಅಂತ. ಕನ್ನಡದಲ್ಲಿ ‘ಮನೆಯಂಥ’ ಅನ್ನುತ್ತೇವಲ್ಲ, ಸರಿಯಾಗಿ ಅದೇ.

ಇನ್ನೊಂದು ವಿಷಯ. ‘ಅಗ್ಲಿ’ಯ ಬಾಲವೂ ಇದೇ ಬಾಲದ ದಾಯಾದಿ. ಸ್ಕ್ಯಾಂಡಿನೇವಿಯಾ ಕಡೆಯ ಹಳೆ ನಾರ್ಸ್ ಭಾಷೆಯಲ್ಲಿ ‘ಉಗ್ಗ’ ಅಂದರೆ ಹೆದರು, ‘ಉಗ್ಗ್‌ಲಿಗ್ರ್’ ಅಂದರೆ ಹೆದರಿಕೆ ಹುಟ್ಟಿಸುವಂಥ. ಒಂದು ಪದ ಭಯದಿಂದ ಹೊರಟಿತು, ಇನ್ನೊಂದು ಮನೆಯಿಂದ ಹೊರಟಿತು, ಅಮೆರಿಕದಲ್ಲಿ ಬಂದು ಅಕ್ಕಪಕ್ಕ ಕೂತವು.

ಲೀಡ್ಸ್_ಕನ್ನಡಿಗ

ಮೇಷ್ಟ್ರೇ, ಆ ‘ಲೀಚ್’ ಇಲ್ಲಿ ಇನ್ನೂ ಉಳಿದಿದೆ! ಹಳ್ಳಿಯ ಹಳೆ ಚರ್ಚುಗಳ ಮುಂದೆ ಮಾಡು ಇರೋ ಒಂದು ಗೇಟು ಇರುತ್ತೆ, ‘ಲಿಚ್‌ಗೇಟ್’ ಅಂತಾರೆ. ಹೆಣ ತಂದವರು ಪಾದ್ರಿ ಬರೋ ತನಕ ಅಲ್ಲಿ ಇಳಿಸ್ತಿದ್ರು. ಮೈ ಅನ್ನೋದು ಹೆಣ ಆಯ್ತು.

ಬರ್ಲಿನ್_ಬಿಸಿಬೇಳೆ

ಜರ್ಮನ್‌ನಲ್ಲಿ ಹೆಣಕ್ಕೆ ಇವತ್ತಿಗೂ ‘ಲೈಖೆ’. ಮತ್ತೆ ಹೋಮ್ಲಿಯ ಜರ್ಮನ್ ಅಕ್ಕ ಇದ್ದಾಳೆ, ‘ಹೈಮ್‌ಲಿಖ್’. ಹೈಮ್ ಅಂದ್ರೆ ಮನೆ. ಆದ್ರೆ ಇವತ್ತು ಹೈಮ್‌ಲಿಖ್ ಅಂದ್ರೆ ಮನೆಯಂಥ ಅಂತ ಅಲ್ಲ, ಗುಟ್ಟಾಗಿ, ಕದ್ದುಮುಚ್ಚಿ ಅಂತ! ಮನೆಯೊಳಗಿನದು ಹೊರಗಿನವರಿಗೆ ಕಾಣಲ್ಲ, ಹಾಗಾಗಿ ಗುಟ್ಟು. ಅದರ ಎದುರಿನ ಪದ ‘ಉನ್‌ಹೈಮ್‌ಲಿಖ್’ ಅಂದ್ರೆ ಮೈ ಜುಮ್ಮೆನ್ನಿಸೋ, ಭಯದ. ಮನೋವಿಶ್ಲೇಷಣೆಯ ಫ್ರಾಯ್ಡ್ 1919ರಲ್ಲಿ ಈ ಪದದ ಮೇಲೇ ಒಂದು ಪ್ರಬಂಧ ಬರೆದ. ಹೈಮ್‌ಲಿಖ್ ಅರ್ಥ ಬದಲಾಗ್ತಾ ಬದಲಾಗ್ತಾ ಕೊನೆಗೆ ತನ್ನ ವಿರುದ್ಧ ಪದದ ಜೊತೆಗೇ ಸೇರಿಬಿಡುತ್ತೆ ಅಂತ ಅವನ ವಾದ.

ಒಂದೇ ಬೇರು. ಇಂಗ್ಲೆಂಡಿನಲ್ಲಿ ಬೆಚ್ಚಗೆ, ಅಮೆರಿಕದಲ್ಲಿ ಸಪ್ಪೆ ಮುಖ, ಜರ್ಮನಿಯಲ್ಲಿ ಗುಟ್ಟು. ನಮ್ಮಲ್ಲೂ ‘ಮನೆ ಗುಟ್ಟು’ ಅಂತೀವಲ್ಲ.

ಬೆಂದಕಾಳೂರಿಗ

ಗಂಟಲಲ್ಲಿ ಏನಾದ್ರೂ ಸಿಕ್ಕಿಕೊಂಡ್ರೆ ಹಿಂದಿನಿಂದ ಹೊಟ್ಟೆ ಅಮುಕ್ತಾರಲ್ಲ, ಹೈಮ್‌ಲಿಕ್ ವಿಧಾನ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಬರ್ಲಿನ್_ಬಿಸಿಬೇಳೆ

ಇಲ್ಲ, ಅದು 1974ರಲ್ಲಿ ಆ ವಿಧಾನ ಪ್ರಕಟಿಸಿದ ಅಮೆರಿಕದ ಡಾಕ್ಟರ್ ಹೆನ್ರಿ ಹೈಮ್‌ಲಿಕ್ ಅವರ ಮನೆತನದ ಹೆಸರು. ಪದ ಅದೇ, ವಿಷಯ ಬೇರೆ.

ಧಾರವಾಡದ_ಮಳಿ

ನಮಸ್ಕಾರ್ರಿ. ನಮ್ಮದು ಧಾರವಾಡದಾಗ ಖಾನಾವಳಿ. ಹೋದ ವರ್ಷ ಬೋರ್ಡ್ ಹೊಸದಾಗಿ ಬರೆಸಿದಾಗ ಪೇಂಟರ್ ‘ಹೋಮ್ಲಿ ಫುಡ್’ ಅಂತ ಹಾಕ್ಯಾನ. ಎರಡು ತರದ ಪಲ್ಯ, ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಝುಣಕ. ಇಷ್ಟ ದಿನ ನಾ ಭಾಳ ಹೆಮ್ಮಿಲೆ ನೋಡ್ತಿದ್ದೆ ಆ ಬೋರ್ಡ್. ಈಗ ತಗೀಬೇಕೇನ್ರಿ?

ಹಳೇಮೈಸೂರು_ಮೇಷ್ಟ್ರು

ಖಂಡಿತ ಬೇಡಿ. ಊಟಕ್ಕೆ ಹೇಳಿದಾಗ ಅಮೆರಿಕದಲ್ಲೂ ಅದು ಸಾದಾ ಮನೆಯೂಟ ಅಂತಲೇ ಅರ್ಥ ಆಗ್ತದೆ. ಮುಖಕ್ಕೆ ಹೇಳಿದಾಗ ಮಾತ್ರ ತೊಂದರೆ.

ಬೆಂದಕಾಳೂರಿಗ

ಬಿಟಿಎಂ ಲೇಔಟಿನ ಪಿಜಿ ಬೋರ್ಡುಗಳಲ್ಲೆಲ್ಲ ಇದೇ ಹೋಮ್ಲಿ ಫುಡ್. ಒಳಗೆ ಹೋಗಿ ತಿಂದ್ರೆ ಮಾತ್ರ ಯಾರ ಮನೆಯದ್ದು ಅಂತ ಕೇಳಬೇಕು. ನಿಮ್ಮ ಖಾನಾವಳಿಯಲ್ಲಿ ಅದು ಸತ್ಯ, ಇರಲಿ ಬಿಡಿ.

ಕನ್ನಡದಲ್ಲೇ ‘ಮನೆ ಊಟ’ ಅಂತ ಬರೆಸಿದ್ರೆ ಇನ್ನೂ ಚೆನ್ನ ಅಲ್ವಾ?

ಧಾರವಾಡದ_ಮಳಿ

ಅದೂ ಖರೆ ಐತ್ರಿ. ಮುಂದಿನ ಸಲ ಬರಸ್ತೀನಿ.

ಸಕಲೇಶಪುರ_ಕಾಫಿ

ನಾವು ಹೋಂಸ್ಟೇ ನಡೆಸ್ತೀವಿ. ವೆಬ್‌ಸೈಟಲ್ಲಿ ‘ಹೋಮ್ಲಿ ರೂಮ್ಸ್, ಹೋಮ್ಲಿ ಹೋಸ್ಟ್ಸ್’ ಅಂತ ಹಾಕಿದ್ವಿ. ಅಮೆರಿಕದಿಂದ ಬಂದಿದ್ದ ಗಂಡಹೆಂಡತಿ ಹೊರಡೋ ದಿನ ಮೆಲ್ಲಗೆ ಹೇಳಿದ್ರು, ರೂಮಿಗೆ ಆ ಪದ ಹೇಗೋ ನಡೆಯುತ್ತೆ, ನಿಮಗೆ ನೀವೇ ಹಾಗೆ ಅಂದ್ಕೋಬೇಡಿ ಅಂತ. ‘ಹೋಮಿ’ ಅಂತ ಬದಲಾಯಿಸಿ ಅಂದ್ರು. ಅಮೆರಿಕದಲ್ಲಿ ಮನೆಯಂಥ ಬೆಚ್ಚಗಿನ ಜಾಗಕ್ಕೆ ಹೋಮಿ ಅನ್ನೋದಂತೆ. ಹೋಮ್ಲಿ ಬಿಟ್ಟುಹೋದ ಜಾಗಕ್ಕೆ ಅದು ಬಂದು ಕೂತಿದೆ. ಒಂದಕ್ಷರದ ವ್ಯತ್ಯಾಸ, ನಾವು ಆವತ್ತೇ ತಿದ್ದಿದ್ವಿ.

ಸೀರೆನೆರಿಗೆ

ಎಲ್ಲರೂ ಊಟ, ರೂಮು ಅಂತ ಮಾತಾಡ್ತಿದ್ದೀರಿ. ಈ ಪದ ನಮ್ಮ ದೇಶದಲ್ಲಿ ಅತಿ ಹೆಚ್ಚು ಎಲ್ಲಿ ಕಾಣುತ್ತೆ ಅಂತ ಯಾರೂ ಹೇಳ್ಲಿಲ್ಲ. ಭಾನುವಾರದ ಪೇಪರಿನ ವಧು ಬೇಕಾಗಿದ್ದಾಳೆ ಕಾಲಂ. ‘ಫೇರ್, ಸ್ಲಿಮ್, ಹೋಮ್ಲಿ.’ ಕನ್ನಡದ ಜಾಹೀರಾತಿನಲ್ಲಿ ‘ಗೃಹಕೃತ್ಯದಲ್ಲಿ ನಿಪುಣೆ’. ನನ್ನ ಪ್ರೊಫೈಲನ್ನ ಮನೆಯವರು ಹಾಕಿದಾಗ ನಾನು ಎಂಟೆಕ್ ಮುಗಿಸಿದ್ದೆ. ಓದಿನ ಸಾಲಿಗಿಂತ ಮುಂಚೆ ಹೋಮ್ಲಿ ಅಂತ ಇತ್ತು. ಏನರ್ಥ ಅಂತ ಕೇಳಿದೆ. ‘ಹೊಂದಿಕೊಂಡು ಹೋಗ್ತಾಳೆ ಅಂತ’ ಅಂದ್ರು. ಅಂದ್ರೆ ಎದುರು ಮಾತಾಡಲ್ಲ, ಸಂಜೆ ಹೊರಗೆ ಹೋಗಲ್ಲ, ಅಡುಗೆ ಬರುತ್ತೆ, ಬಂದವರಿಗೆ ಕಾಫಿ ಕೊಡ್ತಾಳೆ. ಇಷ್ಟೂ ಒಂದೇ ಪದದಲ್ಲಿ.

ಅಮೆರಿಕದ ಅರ್ಥ ಕೆಟ್ಟದ್ದು, ನಮ್ಮದು ಒಳ್ಳೇದು ಅನ್ನೋ ಹಾಗೆ ಈ ಚರ್ಚೆ ಹೋಗ್ತಿದೆ. ನನಗೆ ಎರಡೂ ಒಂದೇ. ಹುಡುಗನಿಗೆ ಯಾವತ್ತಾದ್ರೂ ಹೋಮ್ಲಿ ಅಂತ ಬರೆದಿದ್ದು ನೋಡಿದ್ದೀರಾ?

ಕೆಂಗೇರಿ_ಗಣಿತ

ಸ್ವಲ್ಪ ಅತಿಯಾಯ್ತು ಅನ್ಸುತ್ತೆ. ಮನೆ ಕಂಡ್ರೆ ಪ್ರೀತಿ ಇರೋ ಹುಡುಗಿ ಅನ್ನೋದು ಬೈಗುಳ ಹೇಗಾಗುತ್ತೆ? ನಮ್ಮ ಅತ್ತಿಗೆ ಬ್ಯಾಂಕಲ್ಲಿ ಮ್ಯಾನೇಜರ್, ಮನೇಲಿ ಹೋಮ್ಲಿ. ಎರಡೂ ಇರಬಹುದಲ್ಲ.

ಸೀರೆನೆರಿಗೆ

ಇರಬಹುದು. ನಿಮ್ಮ ಅಣ್ಣನಿಗೆ ಯಾವ ಪದ ಬಳಸ್ತೀರಿ?

ಕೆಂಗೇರಿ_ಗಣಿತ

ಯೋಚನೆ ಮಾಡಿದೆ. ಇಲ್ಲ, ಪದ ಇಲ್ಲ. ನೀವು ಹೇಳಿದ್ದು ಸರಿ.

ಧಾರವಾಡದ_ಮಳಿ

ನಮ್ಮ ಕಡೆ ‘ಮನೆತನಸ್ಥರು’ ಅಂತಾರ್ರಿ. ಗಂಡಿಗೂ ಅಂತಾರ, ಹೆಣ್ಣಿಗೂ ಅಂತಾರ. ಆದರ ಅದು ಮನಿತನದ ಘನತಿ ಬಗ್ಗೆ, ಮನಿಗೆಲಸದ ಬಗ್ಗೆ ಅಲ್ಲ.

ಪದಬೆನ್ನತ್ತಿ

ಸೀರೆನೆರಿಗೆ ಅವರ ಮಾತಿಗೆ ಇಂಗ್ಲಿಷಿನಿಂದಲೇ ಪುರಾವೆ ಕೊಡ್ತೀನಿ. ‘ಹಸ್ಬೆಂಡ್’ ಮತ್ತೆ ‘ಹೌಸ್‌ವೈಫ್’ ಎರಡರಲ್ಲೂ ಮನೆ ಇದೆ. ಹಸ್ಬೆಂಡ್ ಅಂದ್ರೆ ಮೂಲದಲ್ಲಿ ಮನೆಯೊಡೆಯ, ಮನೆ ಹೂಡಿ ನೆಲೆಸಿದವನು. ಆ ಪದಕ್ಕೆ ಇವತ್ತಿಗೂ ಏನೂ ಮೈಲಿಗೆ ಆಗಿಲ್ಲ. ಹೌಸ್‌ವೈಫ್ ಅನ್ನೋದು ಆಡುಮಾತಲ್ಲಿ ಸವೆದು ‘ಹಸ್ಸಿ’ ಆಯ್ತು. ಹಸ್ಸಿ ಅಂದ್ರೆ ಮೊದಲು ಮನೆಯೊಡತಿ, ಆಮೇಲೆ ಹಳ್ಳಿ ಹೆಂಗಸು, ಕೊನೆಗೆ ನಾಚಿಕೆ ಬಿಟ್ಟವಳು. ಒಂದೇ ಮನೆ, ಗಂಡಸಿನ ಪದ ನಿಂತಲ್ಲೇ ನಿಂತಿತು, ಹೆಂಗಸಿನ ಪದ ಬೀದಿಗೆ ಬಿತ್ತು.

ಹೋಮ್ಲಿ ಜಾರಿದ ದಾರಿಯೂ ಇದಕ್ಕೆ ಹತ್ತಿರವೇ. ಮನೆಯದ್ದು, ಅದಕ್ಕೇ ಸಾದಾ. ಸಾದಾ, ಅದಕ್ಕೇ ಒರಟು. ಒರಟು, ಅದಕ್ಕೇ ಚೆಂದ ಇಲ್ಲದ್ದು. 1590ರ ದಶಕದಲ್ಲೇ ಶೇಕ್ಸ್‌ಪಿಯರ್‌ನ ‘ಕಾಮಿಡಿ ಆಫ್ ಎರರ್ಸ್’ನಲ್ಲಿ ಆಡ್ರಿಯಾನಾ ಅನ್ನೋ ಹೆಂಡತಿ, ಗಂಡ ಮನೆಗೆ ಬರ್ತಿಲ್ಲ ಅಂತ ಕೊರಗ್ತಾ, ಈ ಹೋಮ್ಲಿ ವಯಸ್ಸು ನನ್ನ ಕೆನ್ನೆಯ ಚೆಲುವನ್ನ ಕಿತ್ಕೊಂಡಿತಾ ಅಂತ ಕೇಳ್ತಾಳೆ. ಕವಿ ಮಿಲ್ಟನ್ 1634ರ ‘ಕೋಮಸ್’ ನಾಟಕದಲ್ಲಿ ಇನ್ನೂ ಮುಂದೆ ಹೋದ. ಹೋಮ್ಲಿ ಮುಖದವರು ಹೋಮ್‌ನಲ್ಲೇ ಇರಲಿ, ಅವರಿಗೆ ಆ ಹೆಸರು ಬಂದದ್ದೇ ಅದಕ್ಕೆ ಅನ್ನೋ ಮಾತು ಅಲ್ಲಿದೆ. ಆಡಿಸಿದ್ದು ಯಾರ ಬಾಯಲ್ಲಿ? ಒಬ್ಬ ಹುಡುಗಿಯನ್ನ ಮರುಳು ಮಾಡೋಕೆ ಹೊರಟ ಮಾಟಗಾರನ ಬಾಯಲ್ಲಿ. ಅಮೆರಿಕದವರು ಈ ಅರ್ಥ ಹುಟ್ಟಿಸಲಿಲ್ಲ, ಇಂಗ್ಲೆಂಡಿನಿಂದ ಹೊತ್ತುಕೊಂಡು ಹೋಗಿ ಉಳಿಸಿಕೊಂಡರು.

ಲೀಡ್ಸ್_ಕನ್ನಡಿಗ

ಹಾಗಾದ್ರೆ ನಾನು ಮೊದಲು ‘ಉತ್ತರ ಅಮೆರಿಕದ್ದು’ ಅಂದಿದ್ದು ಅರ್ಧ ಸತ್ಯ. ಇವತ್ತಿನ ಬಳಕೆ ಅಮೆರಿಕದ್ದು, ಹುಟ್ಟು ಇಲ್ಲಿಯದೇ. ತಿದ್ದಿಕೊಂಡೆ.

ಹಳೇಮೈಸೂರು_ಮೇಷ್ಟ್ರು

ಪದಬೆನ್ನತ್ತಿ ಹೇಳಿದ ಏಣಿ ಸರಿ, ಆದರೆ ಒಂದು ಮೆಟ್ಟಿಲು ಬಿಟ್ಟರು. ದಾಕ್ಷಿಣ್ಯ. ಒಬ್ಬರ ಮುಖ ಚೆನ್ನಾಗಿಲ್ಲ ಅಂತ ಬಾಯಿ ಬಿಟ್ಟು ಹೇಳಲು ಮನಸ್ಸು ಬರುವುದಿಲ್ಲ. ಮೆತ್ತಗಿನ ಪದ ಒಂದನ್ನು ಹುಡುಕುತ್ತೇವೆ. ಹತ್ತು ಜನ ಹತ್ತು ಸಲ ಹಾಗೆ ಬಳಸಿದ ಮೇಲೆ ಮೆತ್ತಗಿನ ಪದವೇ ಆ ಅರ್ಥ ಹೀರಿಕೊಳ್ಳುತ್ತದೆ.

ನಮ್ಮಲ್ಲಿ ಹೆಣ್ಣು ನೋಡಿ ಬಂದವರನ್ನು ‘ಹುಡುಗಿ ಹೇಗಿದ್ದಾಳೆ’ ಅಂತ ಕೇಳಿ. ಚೆಲುವೆ ಆಗಿದ್ದರೆ ‘ತುಂಬಾ ಚೆನ್ನಾಗಿದ್ದಾಳೆ’ ಅಂತ ಥಟ್ಟನೆ ಬರುತ್ತದೆ. ಇಲ್ಲದಿದ್ದರೆ ಒಂದು ಉಸಿರು ತಡೆದು ‘ಲಕ್ಷಣವಾಗಿದ್ದಾಳೆ’ ಅನ್ನುತ್ತಾರೆ. ಲಕ್ಷಣ ಎಷ್ಟು ದೊಡ್ಡ ಪದ! ಆದರೆ ಆ ಒಂದು ಉಸಿರಿನ ತಡೆ ಇದೆಯಲ್ಲ, ಕೇಳಿದವರಿಗೆ ಅದರಲ್ಲೇ ಎಲ್ಲ ತಿಳಿಯುತ್ತದೆ. ಇನ್ನು ನೂರು ವರ್ಷಕ್ಕೆ ಲಕ್ಷಣಕ್ಕೂ ಹೋಮ್ಲಿಯ ಗತಿಯೇ ಬಂದರೆ ನನಗೆ ಆಶ್ಚರ್ಯವಿಲ್ಲ.

ಸಕಲೇಶಪುರ_ಕಾಫಿ

ಮೇಷ್ಟ್ರೇ, ‘ಎಣ್ಣೆಗೆಂಪು’ ಕೂಡ ಸೇರಿಸಿ. ಕಪ್ಪು ಅನ್ನೋಕೆ ಹಿಂಜರಿಕೆ. ಇಂಗ್ಲಿಷ್ ಜಾಹೀರಾತಲ್ಲಿ ‘ವೀಟಿಶ್’ ಅಂತಾರಲ್ಲ, ಗೋಧಿ ಬಣ್ಣ, ಅದೂ ಇದೇ ಜಾತಿ.

ಸೀರೆನೆರಿಗೆ

ನನ್ನ ಪ್ರೊಫೈಲಲ್ಲಿ ಅದೂ ಇತ್ತು.

ತಿಪಟೂರು_ತೆಂಗು

ನೀವೆಲ್ಲ ಬರೆದಿದ್ದನ್ನ ಸಂಜೆ ಅಮ್ಮನಿಗೆ ಒಂದೊಂದಾಗಿ ಓದ್ತಾ ಇದ್ದೆ. ಸೀರೆನೆರಿಗೆ ಅವರದ್ದು, ಮೇಷ್ಟ್ರದ್ದು ಕೇಳಿ ತುಂಬಾ ಹೊತ್ತು ಸುಮ್ಮನಿದ್ರು. ಆಮೇಲೆ ಹೇಳಿದ್ರು, ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಅಮ್ಮನಿಗೆ ಇಪ್ಪತ್ತೆರಡಾಗಿದ್ದಾಗ ತಾತ ಪೇಪರಿಗೆ ಜಾಹೀರಾತು ಕೊಟ್ಟಿದ್ದರಂತೆ. ಪದಕ್ಕಿಷ್ಟು ದುಡ್ಡು. ಅಮ್ಮನದು ಕಪ್ಪು ಬಣ್ಣ. ‘ಫೇರ್’ ಅಂತ ಬರೆಯೋ ಹಾಗಿಲ್ಲ, ಸುಳ್ಳು ಬರೆಯೋ ಮನುಷ್ಯ ಅಲ್ಲ ತಾತ. ಹೈಸ್ಕೂಲ್ ಹೆಡ್‌ಮಾಸ್ಟರ್ ಹತ್ರ ಹೋಗಿ ಕೇಳಿದಾಗ ಅವರು ಆ ಜಾಗಕ್ಕೆ ಹೋಮ್ಲಿ ಅಂತ ಬರೆದುಕೊಟ್ರಂತೆ. ಅಮ್ಮ ಆ ಪದ ಮೊದಲ ಸಲ ನೋಡಿದ್ದು ಅಲ್ಲೇ. ಅಪ್ಪ ಆ ಜಾಹೀರಾತು ನೋಡಿಯೇ ಬಂದಿದ್ದು. ಹಾಗಾಗಿ ಅಮ್ಮನ ಮನಸ್ಸಲ್ಲಿ ಅದು ಯಾವತ್ತೂ ಒಳ್ಳೆ ಪದವೇ. ‘ನನ್ನ ಬಗ್ಗೆ ಅಚ್ಚಾಗಿದ್ದ ಒಂದೇ ಒಳ್ಳೆ ಮಾತು ಅದು, ಅದನ್ನೇ ಆ ಅಜ್ಜಿಗೆ ಕೊಟ್ಟೆ’ ಅಂದ್ರು.

ಸೀರೆನೆರಿಗೆ

ನನಗೆ ಏನು ಬರೆಯೋದು ಗೊತ್ತಾಗ್ತಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಾನು ಬೈದಿದ್ದು ಜಾಹೀರಾತನ್ನ, ಅವರನ್ನಲ್ಲ.

ತಿಪಟೂರು_ತೆಂಗು

ಅವರಿಗೆ ಗೊತ್ತು. ‘ಆ ಹುಡುಗಿ ಹೇಳೋದು ಸರಿ’ ಅಂದ್ರು.

ಕಡಲತಡಿ

ಅರ್ಥ ಹೀಗೆ ತಿರುಗುವುದು ನಮ್ಮಲ್ಲೂ ಉಂಟು. ನಮ್ಮ ಮಂಗಳೂರು ಕಡೆ ‘ಪಾಪದ ಹುಡುಗ’ ಅಂದ್ರೆ ಪಾಪ ಮಾಡಿದವ ಅಲ್ಲ, ಸಾಧು, ಯಾರ ತಂಟೆಗೂ ಹೋಗದವ. ಬೆಂಗಳೂರಿನ ಫ್ರೆಂಡಿಗೆ ಒಮ್ಮೆ ‘ನಿನ್ನ ಅಪ್ಪ ಪಾಪದವ್ರು ಮಾರಾಯ’ ಅಂದದ್ದಕ್ಕೆ ಅವ ಸಿಟ್ಟಾಗಿ ಮಾತೇ ಬಿಟ್ಟಿದ್ದ. ಒಂದೇ ಭಾಷೆ, ಘಟ್ಟ ಹತ್ತಿದ್ರೆ ಅರ್ಥ ಬೇರೆ.

ಪದಬೆನ್ನತ್ತಿ

ಅದ್ಭುತ ಉದಾಹರಣೆ. ‘ಮುಗ್ಧ’ ನೋಡಿ. ಸಂಸ್ಕೃತದ ‘ಮುಹ್’ ಧಾತುವಿನಿಂದ ಬಂದದ್ದು, ಮೋಹಕ್ಕೂ ಅದೇ ಬೇರು. ಮೂಲಾರ್ಥ ದಿಕ್ಕುಗೆಟ್ಟ, ತಿಳಿವಿಲ್ಲದ. ನಾವು ಮಗುವಿನ ಮುಗ್ಧ ನಗು ಅಂತ ಮುದ್ದು ಮಾಡ್ತೀವಿ. ಇಂಗ್ಲಿಷಿನ ‘ನೈಸ್’ ಕೂಡ ಹೀಗೇ ಮೇಲೆ ಹತ್ತಿದ ಪದ, ಲ್ಯಾಟಿನ್‌ನಲ್ಲಿ ಅದರ ಮೂಲ ‘ನೆಸ್ಕಿಯುಸ್’ ಅಂದ್ರೆ ಏನೂ ಅರಿಯದವನು. ‘ಸಿಲಿ’ ಕೆಳಗಿಳಿದ ಪದ, ಹಿಂದೆ ಅದಕ್ಕೆ ಧನ್ಯ, ಪುಣ್ಯವಂತ ಅಂತ ಅರ್ಥ ಇತ್ತು.

ಹಳೇಮೈಸೂರು_ಮೇಷ್ಟ್ರು

ಹೋಮ್ಲಿಗೆ ನಮ್ಮಲ್ಲಿರುವ ಸರಿಯಾದ ಜೋಡಿ ‘ಗ್ರಾಮ್ಯ’. ಗ್ರಾಮಕ್ಕೆ ಸೇರಿದ್ದು ಅಂತ ಅರ್ಥ, ಅಷ್ಟೇ. ಆದರೆ ಅಲಂಕಾರಶಾಸ್ತ್ರದಲ್ಲಿ ಗ್ರಾಮ್ಯ ಒಂದು ದೋಷ, ಕಾವ್ಯದಲ್ಲಿ ಬರಬಾರದ ಒರಟುತನ. ನಗರದವನು ಮಾತ್ರ ‘ನಾಗರಿಕ’. ಇಂಗ್ಲಿಷಿನಲ್ಲೂ ಜಮೀನಿನಲ್ಲಿ ದುಡಿಯುತ್ತಿದ್ದವನಿಗೆ ಇದ್ದ ‘ವಿಲ್ಲನ್’ ಕೊನೆಗೆ ಖಳನಾಯಕ ಆಯಿತು. ಪದಕ್ಕೆ ಬೆಲೆ ಕಟ್ಟುವ ಅಧಿಕಾರ ಯಾವಾಗಲೂ ಮನೆಯಿಂದ, ಹಳ್ಳಿಯಿಂದ ದೂರ ಹೋಗಿ ಕೂತವರ ಕೈಯಲ್ಲಿತ್ತು. ಇದು ನನ್ನ ಮನಸ್ಸಿಗೆ ಬಹಳ ಚುಚ್ಚುವ ಸಂಗತಿ.

ಬೆಂದಕಾಳೂರಿಗ

ಮೊದಲನೇ ಉತ್ತರದಲ್ಲಿ ‘ಅಷ್ಟೇ’ ಅಂತ ಬರೆದಿದ್ದೆ. ಅಷ್ಟೇ ಅಲ್ಲ ಅಂತ ಈಗ ಗೊತ್ತಾಯ್ತು. ಆದ್ರೂ ತಟ್ಟೆ ವಾಪಸ್ ಕೊಡೋದು ತಡ ಮಾಡಬೇಡಿ.

ಕಡಲತಡಿ

ಖಾಲಿ ತಟ್ಟೆ ಕೊಡ್ಬೇಡಿ ಆಯ್ತಾ.

ಧಾರವಾಡದ_ಮಳಿ

ಹೌದ್ರಿ, ಬರಿ ತಾಟ ಕೊಡಬಾರದು. ಏನರ ಸಿಹಿ ಹಾಕಿ ಕೊಡ್ರಿ.

ತಿಪಟೂರು_ತೆಂಗು

ಹೋಗಿ ಬಂದ್ವಿ. ನಡೆದದ್ದನ್ನ ನಡೆದ ಹಾಗೇ ಬರೀತೀನಿ.

ಅಮ್ಮ ಊರಿಂದ ತಂದಿದ್ದ ಕೊಬ್ಬರಿ ತುರಿದು, ಬೆಲ್ಲದ ಪಾಕ ಹಿಡಿದು, ಏಲಕ್ಕಿ ಹಾಕಿ ಮಿಠಾಯಿ ಮಾಡಿದ್ರು. ಆ ಗಾಜಿನ ತಟ್ಟೆಯಲ್ಲೇ ಹರಡಿ, ಅದೇ ಬಟ್ಟೆ ಒಗೆದು ಸುತ್ತಿದ್ವಿ. ಅಜ್ಜಿ ಬಾಗಿಲು ತೆಗೆದ್ರು. ಅಮ್ಮ ಇಂಗ್ಲಿಷಲ್ಲಿ ಹೇಳೋಕೆ ಎರಡು ದಿನದಿಂದ ಅಭ್ಯಾಸ ಮಾಡಿದ್ದು ಎಲ್ಲಾ ಮರೆತು ಕನ್ನಡದಲ್ಲೇ ಶುರು ಮಾಡಿಬಿಟ್ರು, ನಾನು ಪಕ್ಕದಲ್ಲಿ ನಿಂತು ಹೇಳ್ತಾ ಹೋದೆ. ನಮ್ಮ ದೇಶದಲ್ಲಿ ಆ ಪದಕ್ಕೆ ಇರೋ ಅರ್ಥ, ತಾತನ ಜಾಹೀರಾತು, ನಾರ್ವಿಚ್‌ನ ಆ ತಾಯಿ, ಎಲ್ಲಾ.

ಅಜ್ಜಿ ಅಮ್ಮನ ಮುಖವನ್ನೇ ನೋಡ್ತಾ ಕೇಳಿಸ್ಕೊಂಡ್ರು. ಕಣ್ಣೀರು ಹಾಕ್ಕೊಂಡು ಯಾರೂ ಬೈಯಲ್ಲ, ಬೇರೇನೋ ಇದೆ ಅಂತ ಅವತ್ತೇ ಅನ್ನಿಸಿತ್ತು ಅಂದ್ರು. ಆದ್ರೂ ಆ ಪದ ಚುಚ್ಚಿತಂತೆ. ಅವರಿಗೆ ಹದಿಮೂರು ಹದಿನಾಲ್ಕು ವರ್ಷ ಇದ್ದಾಗ ಅವರ ಸೋದರತ್ತೆ, ಅವರು ಅಲ್ಲೇ ಇದ್ದಾರೆ ಅಂತ ನೋಡದೆ, ‘ಹುಡುಗಿ ಹೋಮ್ಲಿ, ಅಡುಗೆಯಾದ್ರೂ ಚೆನ್ನಾಗಿ ಕಲಿಸಿ’ ಅಂತ ಅವರ ತಾಯಿಗೆ ಹೇಳಿದ್ರಂತೆ. ಪೈ ಮಾಡೋದು ಕಲಿತದ್ದು ಆ ಬೇಸಿಗೆಯಲ್ಲಿ.

ನಾನು ಇದನ್ನ ಕನ್ನಡಕ್ಕೆ ತಿರುಗಿಸಿ ಹೇಳೋ ಮುಂಚೆಯೇ ಅಮ್ಮ ಅವರ ಕೈ ಹಿಡ್ಕೊಂಡಿದ್ರು. ಎಷ್ಟು ಅರ್ಥ ಆಯ್ತೋ ಗೊತ್ತಿಲ್ಲ. ಅಜ್ಜಿ ಈ ಸಲ ಕೈ ಬಿಡಿಸ್ಕೊಳ್ಳಲಿಲ್ಲ.

ಒಂದು ಗಂಟೆ ಕೂತಿದ್ವಿ. ಮಿಠಾಯಿ ಮೂರು ತುಂಡು ತಿಂದ್ರು. ‘ಲಕ್ಷಣ’ ಅನ್ನೋ ಪದ ಹೇಗೆ ಉಚ್ಚಾರ ಮಾಡೋದು ಅಂತ ಕೇಳಿ ಎರಡು ಸಲ ಹೇಳಿದ್ರು. ಶನಿವಾರ ಅಮ್ಮನಿಗೆ ಪೈ ಹಿಟ್ಟು ಕಲಸೋದು ತೋರಿಸ್ತಾರಂತೆ.

ಸೀರೆನೆರಿಗೆ

ಆಫೀಸಲ್ಲಿ ಕೂತು ಓದಿದೆ, ಕಣ್ಣು ಒರೆಸ್ಕೊಂಡೆ.

ಹಳೇಮೈಸೂರು_ಮೇಷ್ಟ್ರು

ತಾಯಿಯವರಿಗೆ ನನ್ನ ಪ್ರಣಾಮ.

ಧಾರವಾಡದ_ಮಳಿ

ಕೊಬ್ಬರಿ ಮಿಠಾಯಿಗೆ ಬೆಲ್ಲದ ಪಾಕ ಎಷ್ಟ ಎಳಿ ಹಿಡೀತಾರ ಅಂತ ಅಮ್ಮಾರನ್ನ ಕೇಳಿ ಹೇಳ್ರಿ. ನಂದು ಯಾವಾಗ್ಲೂ ಗಟ್ಟಿ ಆಗ್ತದ.

ತಿಪಟೂರು_ತೆಂಗು

ಎಳೆ ಪಾಕ ಬೇಡವಂತೆ. ನೀರಿಗೆ ಒಂದು ಹನಿ ಬಿಟ್ಟರೆ ಬೆರಳಲ್ಲಿ ಮೆತ್ತಗೆ ಉಂಡೆ ಆಗಬೇಕು, ಅಷ್ಟಕ್ಕೇ ಇಳಿಸಿ ಕೊಬ್ಬರಿ ಹಾಕಬೇಕಂತೆ. ಇನ್ನೊಂದು ನಿಮಿಷ ಒಲೆ ಮೇಲೆ ಬಿಟ್ಟರೂ ಗಟ್ಟಿ.